ದಂತ್ಯ

ತ ಥ ದ ಧ ನ.
ಹತ್ತೊಂಬತ್ತು ವರ್ಷದಿಂದ ಇದನ್ನೇ ಬರೆಸುತ್ತಿದ್ದೇನೆ
ಸುಂಟಿಕೊಪ್ಪದ ಸರ್ಕಾರಿ ಶಾಲೆಯ ಒಂದನೇ ಕ್ಲಾಸಿನಲ್ಲಿ.
ನಾಲಗೆಯ ತುದಿ ಹಲ್ಲಿನ ಬೆನ್ನಿಗೆ ತಾಗಬೇಕು ಮಕ್ಕಳೇ,
ತಾಗಿ, ಬಿಡಬೇಕು.
ತಾಗುವ ಜಾಗವೇ ಒಂದು ದಿನ ಇಲ್ಲವಾಗುತ್ತದೆಂದು
ಯಾವ ವ್ಯಾಕರಣದಲ್ಲೂ ಇಲ್ಲ.

ಆನೆಕಾಡಿನ ತಿರುವಿನಲ್ಲಿ ಬಸ್ಸು ಗಕ್ಕನೆ ನಿಂತಿತು.
ಎದುರು ಸೀಟಿನ ಕಂಬಿಗೆ ನನ್ನ ಬಾಯಿ.
ಮೇಲುಸಾಲಿನ ನಟ್ಟನಡುವಿನ ಎರಡು, ಬೇರು ಸಮೇತ,
ಟಿಕೆಟ್ಟಿನ ಮೇಲೆ, ಅಂಗೈಯಲ್ಲಿ.
ರಸ್ತೆ ದಾಟುತ್ತಿದ್ದವನಿಗೂ ಒಂದೇ ದಂತ.
ಇನ್ನೊಂದು ಎಲ್ಲಿ ಮುರಿಯಿತೋ, ಯಾರ ಜೊತೆಗಿನ ಜಗಳದಲ್ಲೋ.
ನನ್ನತ್ತ ನೋಡಲೂ ಇಲ್ಲ ಅವನು,
ಬಿದಿರು ಲಟಲಟ ಮುರಿಯುತ್ತ ಇಳಿದುಹೋದ.

ಮುಂದಿನ ವಾರ ಹಾಜರಿ.
ದೇಚಮ್ಮ ಎನ್ನಹೋದ ನಾಲಗೆ
ಗೋಡೆ ಸಿಗದೆ, ಹೊಸ್ತಿಲು ದಾಟಿ ಬೀದಿಗೆ ಬಿತ್ತು.
ತನ್ವೀರ, ನಾಚಪ್ಪ, ಧನುಷ್,
ಎಲ್ಲರ ಹೆಸರಿನೊಳಗೂ ಗಾಳಿ.
ಮಕ್ಕಳು ನಗಲಿಲ್ಲ. ನಗಬಹುದಿತ್ತು.
ನನ್ನ ಹೆಸರು ಬೇರೆ ದಮಯಂತಿ.

ಮಡಿಕೇರಿಯ ಔಷಧಿ ಅಂಗಡಿಯ ಮಹಡಿಯಲ್ಲಿ
ಡಾಕ್ಟರ್ ಶಹನಾಜ್ ಮೇಜಿನ ಮೇಲೆ ಮೂರು ದವಡೆ ಇಟ್ಟರು.
ಮೂರೂ ನಗುತ್ತಿದ್ದವು.
ಇದು ತೆಗೆದು ಹಾಕುವ ಸೆಟ್ಟು, ಮೂರೂವರೆ ಸಾವಿರ.
ಇದು ಬ್ರಿಜ್ಜು: ಆಚೀಚೆಯ ಗಟ್ಟಿ ಹಲ್ಲುಗಳನ್ನು ಅರೆದು,
ಟೋಪಿ ತೊಡಿಸಿ, ನಡುವೆ ಇಲ್ಲದವರನ್ನು ತೂಗಿಬಿಡುವುದು.
ಇದು ಇಂಪ್ಲಾಂಟು. ಎಲುಬಿಗೇ ತಿರುಪು.
ಎಲುಬು ಅದನ್ನು ತನ್ನದೆಂದು ಒಪ್ಪಲು ನಾಲ್ಕು ತಿಂಗಳು ಬೇಕು.
ಅದರ ರೇಟನ್ನು ಬಾಯಿಬಿಟ್ಟು ಹೇಳಲಿಲ್ಲ,
ಚೀಟಿಯಲ್ಲಿ ಬರೆದು ಮೆಲ್ಲಗೆ ನನ್ನತ್ತ ತಿರುಗಿಸಿದರು.

ಇವರು ತೋಟದ ರೈಟರು. ಚೀಟಿ ಓದಿ,
ಸತ್ತ ಕಾಫಿಗಿಡ ಕಿತ್ತ ಗುಂಡಿಗೆ ಸಪ್ಲೈ ಹಾಕಿದ ಹಾಗೆ, ಎಂದರು.
ಹತ್ತರಲ್ಲಿ ಮೂರು ಹಿಡಿಯುವುದಿಲ್ಲ.
ಊಟ ಮುಗಿಸಿ ಕೈ ತೊಳೆಯುತ್ತ ಮತ್ತೆ,
ಆದರೂ ಗುಂಡಿ ಖಾಲಿ ಬಿಡಬಾರದು.

ಹಾಕಿ ಆಡಿದ್ದ ಪಿ.ಟಿ. ಮಾಸ್ಟರು ಕುಶಾಲಪ್ಪ
ತಮ್ಮ ಬ್ರಿಜ್ಜನ್ನು ಉಗುರಿನಿಂದ ಬಡಿದು ತೋರಿಸಿದರು, ಟಕ್ ಟಕ್.
ಇಪ್ಪತ್ತು ವರ್ಷ, ಮೂಳೆ ಕಡಿದರೂ ಅಲುಗಿಲ್ಲ.
ಪಕ್ಕದವು ಹೇಗಿವೆ ಎಂದೆ.
ಸೀಟಿ ಊದುತ್ತ ಮೈದಾನಕ್ಕೆ ಹೋದರು.

ಬಿಸಿಯೂಟದ ಲೀಲಕ್ಕ ಬಾಯಿ ಅಗಲಿಸಿದಳು:
ನನಗೆ ಐದಿಲ್ಲ ಟೀಚರೇ, ಯಾರು ಕೇಳ್ತಾರೆ?
ಅನ್ನ ಇನ್ನೊಂಚೂರು ಬೇಯಿಸಿದರಾಯ್ತು.
ಅದು ನಾಲ್ಕನೆಯ ದವಡೆ. ಡಾಕ್ಟರು ಮೇಜಿನ ಮೇಲೆ ಇಟ್ಟಿರಲಿಲ್ಲ.

ಬೆಂಚಿನಲ್ಲಿ ಇಬ್ಬರು ಬಾರದೆ ಹೋದರೆ
ಪಕ್ಕ ಕೂತ ಇಬ್ಬರಿಗೆ ಬಾರಿಸಿದವಳಲ್ಲ ನಾನು.
ಅರೆಯುವುದು ಬೇಡ ಎಂದೆ.
ಚೀಟಿ ಮಡಚಿ ಪರ್ಸಿಗೆ ಹಾಕಿಕೊಂಡೆ.
ಸೆಟ್ಟೇ ಸಾಕು, ಸದ್ಯಕ್ಕೆ.

ಮೊದಲ ದಿನ ಬಾಯ್ತುಂಬ ಬೇರೆಯವರ ಮನೆ.
ಇಡ್ಲಿಗೂ ಪ್ಲಾಸ್ಟಿಕ್ಕಿನ ರುಚಿ.
ದೇಚಮ್ಮ ಒತ್ತಕ್ಷರ ಹೊತ್ತು ಬಂದಳು, ದ್ದೇಚಮ್ಮ.
ಆಮೇಲೆ ಏನನ್ನಿಸಿತೋ,
ಕರವಸ್ತ್ರದ ಮರೆಯಲ್ಲಿ ಸೆಟ್ಟು ತೆಗೆದು, ತ ಎಂದೆ.
ಹಾಕಿಕೊಂಡು, ತ ಎಂದೆ.
ಹಿಂದಿನ ಬೆಂಚೂ ಎದ್ದು ನಿಂತಿತು.
ಇನ್ನೊಮ್ಮೆ ಟೀಚರ್, ಇನ್ನೊಮ್ಮೆ!
ಥ. ಥ.
ಹಾಲುಹಲ್ಲು ಬಿದ್ದ ಅಯ್ಯಣ್ಣ ಮಾತ್ರ ಕೂತೇ ಇದ್ದ,
ಕಿಂಡಿಯಲ್ಲಿ ನಾಲಗೆ ತೂರಿಸಿ.
ನನಗೆ ಪುಕ್ಕಟೆ ಬರ್ತದೆ ಟೀಚರ್, ಎಂದ.
ಹೌದು ಮಾರಾಯ, ಎಂದೆ. ಒಂದೇ ಸಲ.

ರಾತ್ರಿ ಸ್ಟೀಲು ಲೋಟದ ನೀರಿನಲ್ಲಿ
ಅದು ಒಬ್ಬೊಂಟಿಯಾಗಿ ಮಲಗುತ್ತದೆ.
ದೀಪ ಆರಿಸಿದ ಮೇಲೆ ನಾಲಗೆ ಎದ್ದು
ವಸಡಿನ ಮೆತ್ತನೆ ಹಳ್ಳ ತಡವುತ್ತದೆ,
ಯಾರೂ ಎದ್ದಿಲ್ಲವೆಂದು ಖಾತ್ರಿ ಮಾಡಿಕೊಂಡು
ನನ್ನ ಹೆಸರು ಕರೆದು ನೋಡುತ್ತದೆ,
ಮೊದಲಕ್ಷರ ಬಿಟ್ಟು.